ಬೇಲಿ ಎಲ್ಲಿದೆ ಎಂದು ಕೇಳಿದ ದಿನ

ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ದೋಹಾದಲ್ಲಿ ಬೇಲಿ ಹಾಕುವ ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ರಜೆಯಲ್ಲಿ ಮಂಗಳೂರಿಗೆ ಹೋದಾಗ ಯಾರಾದರೂ ಎಲ್ಲಿ ಕೆಲಸ ಎಂದು ಕೇಳಿದರೆ ಹೀಗೆಯೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಬೇಲಿ ಹಾಕುವುದಕ್ಕೂ ಒಂದು ಕಂಪನಿಯೇ, ಅದಕ್ಕೊಬ್ಬಳು ಟೈಪಿಸ್ಟೇ ಎಂದು. ನಮ್ಮ ಕಡೆ ಬೇಲಿ ಎಂದರೆ ಕತ್ತಿ ಹಿಡಿದು ಹೋಗಿ ಗೆಲ್ಲು ಕಡಿದು ತಂದು ಒಂದು ಬೆಳಗ್ಗೆಯಲ್ಲಿ ಮುಗಿಸುವ ಕೆಲಸ. ಕಲ್ಲಿನದಾದರೆ ಅದು ಪಾಗಾರ. ಅದಕ್ಕೆ ಮೇಸ್ತ್ರಿ ಬೇಕು, ಅದನ್ನು ಯಾರೂ ಬೇಲಿ ಎನ್ನುವುದಿಲ್ಲ. ಕತಾರಿನಲ್ಲಿ ಕಡಿದು ತರಲು ಗೆಲ್ಲುಗಳಿರಲಿಲ್ಲ, ಸುತ್ತುವರಿಯಬೇಕಾದ ಜಾಗ ಮಾತ್ರ ಬೇಕಾದಷ್ಟಿತ್ತು. ಹೆದ್ದಾರಿಗೆ ಒಂಟೆಗಳು ಬಾರದ ಹಾಗೆ, ಗೋದಾಮುಗಳ ಸುತ್ತ, ಶಾಲೆಯ ಆಟದ ಬಯಲಿನ ಸುತ್ತ, ನೀರಿನ ಟ್ಯಾಂಕುಗಳ ಸುತ್ತ ನಮ್ಮವರು ಕಂಬ ನೆಟ್ಟು ತಂತಿಯ ಜಾಲರಿ ಎಳೆಯುತ್ತಿದ್ದರು.

ಆಫೀಸು ಅಲ್ ಮುಂತಜಾದಲ್ಲಿ, ದರ್ಜಿ ಅಂಗಡಿಯೊಂದರ ಮೇಲಿನ ಹಳೆಯ ಮಹಡಿಯಲ್ಲಿತ್ತು. ನಾನೂ ನನ್ನ ಗಂಡನೂ ಇದ್ದ ಫ್ಲಾಟಿನಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು. ಜಾಲರಿಯ ಸುರುಳಿಗಳು, ಕಂಬಗಳು, ಸಿಮೆಂಟು ಎಲ್ಲ ಇಂಡಸ್ಟ್ರಿಯಲ್ ಏರಿಯಾದ ಯಾರ್ಡಿನಲ್ಲಿ. ಅದರ ಹಿಂದೆಯೇ ಕೆಲಸಗಾರರ ಕ್ಯಾಂಪು. ಮ್ಯಾನೇಜರ್ ಇಂಗ್ಲೆಂಡಿನವರು, ಐವತ್ತು ದಾಟಿದವರು. ಸಿಟ್ಟು ಮಾಡುವವರಲ್ಲ, ಆದರೆ ಒಂದು ಮಾತನ್ನು ಎರಡು ಸಲ ಹೇಳುತ್ತಿರಲಿಲ್ಲ. ಯಾರ್ಡಿನ ಫೋರ್ಮನ್ ನಮ್ಮ ಊರಿನ ಕಡೆಯ ಬ್ಯಾರಿ ಮುಸ್ಲಿಮರು. ಕತಾರಿಗೆ ಬಂದು ಇಪ್ಪತ್ತು ವರ್ಷ ಮೇಲಾಗಿತ್ತು. ಎಲ್ಲರಂತೆ ನಾನೂ ಅವರನ್ನು ಕಾಕ ಎಂದು ಕರೆಯುತ್ತಿದ್ದೆ. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎನ್ನುತ್ತಿದ್ದರು. ಅವರಿಗೆ ಮನೆಯ ಬ್ಯಾರಿ ಭಾಷೆ, ತುಳು, ಕನ್ನಡ, ಮಲಯಾಳ, ಹಿಂದಿ, ಮಾರುಕಟ್ಟೆಯ ಅರಬ್ಬಿ ಎಲ್ಲ ಬರುತ್ತಿತ್ತು. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಟೈಪಿಂಗಿನ ಜೊತೆಗೆ ಅವರಿಬ್ಬರ ನಡುವಿನ ಮಾತು ದಾಟಿಸುವುದೂ ನನ್ನ ಕೆಲಸವಾಯಿತು. ಯಾರೂ ಅದನ್ನು ನನಗೆ ಒಪ್ಪಿಸಿದ್ದಲ್ಲ, ನಾನು ಬಂದ ಮೊದಲ ತಿಂಗಳಲ್ಲೇ ಅದು ಹಾಗೆ ಆಗಿಹೋಗಿತ್ತು.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಕಲಿತದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ, ವ್ಯಾಪಾರದ ಪತ್ರಗಳನ್ನು ಮತ್ತೆ ಮತ್ತೆ ಹೊಡೆದು. ಅದು ಆಫೀಸಿಗೆ ಸಾಕಾಗುತ್ತಿತ್ತು. ಫೆನ್ಸ್ ಎಂಬ ಪದವನ್ನಂತೂ ದಿನಕ್ಕೆ ಐವತ್ತು ಸಲ ಟೈಪ್ ಮಾಡುತ್ತಿದ್ದೆ. ಆ ಪದ ನನಗೆ ಪೂರ್ತಿ ಗೊತ್ತಿದೆ ಎಂದೇ ತಿಳಿದಿದ್ದೆ.

ಗೊತ್ತಿಲ್ಲ ಎಂದು ಮೊದಲು ತೋರಿಸಿಕೊಟ್ಟವರು ಕಾಕ. ಅಲ್ ಥುಮಾಮಾದಲ್ಲಿ ಒಬ್ಬ ಕತಾರಿ ಹೊಸ ಮನೆ ಕಟ್ಟಿಸಿದ್ದರು. ಮನೆಯ ಸುತ್ತ ಫೆನ್ಸ್ ಬೇಕೆಂದು ಹೇಳಿಕಳಿಸಿದ್ದರು. ನಾನು ಅಳತೆಯ ಪ್ರಕಾರ ಜಾಲರಿ, ಕಂಬ, ಗೇಟು ಎಂದು ಪಟ್ಟಿ ಮಾಡಿ ಆರ್ಡರ್ ತಯಾರಿಸಿದೆ. ಮ್ಯಾನೇಜರ್ ಸಹಿ ಹಾಕಿದರು. ಲಾರಿ ಹೋಯಿತು. ಮಧ್ಯಾಹ್ನಕ್ಕೆ ಲಾರಿ ಹೋದ ಹಾಗೆಯೇ ತುಂಬಿಕೊಂಡು ಹಿಂದೆ ಬಂತು. ಕಾಕ ಆಫೀಸಿಗೆ ಬಂದು ನನ್ನ ಎದುರು ಕೂತರು. ಆ ಮನೆಯ ಯಜಮಾನರು ಅರಬ್ಬಿಯಲ್ಲಿ ಹೇಳಿದ್ದು ಸೂರ್ ಅಂತೆ. ಸೂರ್ ಎಂದರೆ ಗೋಡೆ. ನಾವು ತೆಗೆದುಕೊಂಡು ಹೋದದ್ದು ಶಬಕ್, ಅಂದರೆ ಜಾಲರಿ. ನಡುವೆ ಯಾರೋ ಎರಡನ್ನೂ ಫೆನ್ಸ್ ಎಂದು ಬರೆದುಕೊಂಡಿದ್ದರು.

“ಮನೆ ಹೆಂಗಸರು ಅಂಗಳಕ್ಕೆ ಬರುವವರು. ಅಲ್ಲಿಗೆ ಶಬಕ್ ಹಾಕಿದ್ರೆ ಇಡೀ ರಸ್ತೆಗೇ ಕಾಣ್ತದೆ. ಅದು ಬೇಲಿ ಅಲ್ಲ ಬಾಯಿ, ಅಪಮಾನ,” ಎಂದರು ಕಾಕ.

ಗೋಡೆ ಕಟ್ಟುವುದು ನಮ್ಮ ಕಂಪನಿಯ ಕೆಲಸವಾಗಿರಲಿಲ್ಲ. ಆರ್ಡರ್ ಕೈತಪ್ಪಿತು. ಕಂಬ ಒಂದನ್ನೂ ನೆಡುವ ಮೊದಲೇ ಕಾಕ ನಿಲ್ಲಿಸಿದ್ದರಿಂದ ಜಗಳವಾಗಲಿಲ್ಲ. ಅಂದಿನಿಂದ ನಾನು ಆರ್ಡರ್ ಬಂದಾಗಲೆಲ್ಲ ಒಳಗಿದ್ದವರು ಕಾಣಬೇಕೋ ಕಾಣಬಾರದೋ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಮಲಯಾಳಿಗಳು ವೇಲಿ ಎನ್ನುತ್ತಿದ್ದರು, ಹಿಂದಿಯವರು ಜಾಲಿ ಎನ್ನುತ್ತಿದ್ದರು, ಮ್ಯಾನೇಜರಿಗೆ ಎಲ್ಲವೂ ಫೆನ್ಸ್.

ನಾನು ಹೇಳಬೇಕೆಂದಿರುವುದು ಅದರ ಮುಂದಿನ ವರ್ಷದ್ದು.

ಕ್ಯಾಂಪಿನ ಹಿಂದೆ ಒಂದು ದೊಡ್ಡ ಗುಂಡಿ ಇತ್ತು. ಎಂದೋ ಯಾರೋ ರಸ್ತೆ ಕೆಲಸಕ್ಕೆಂದು ಮಣ್ಣು, ಜಲ್ಲಿ ತೆಗೆದು ಹಾಗೇ ಬಿಟ್ಟುಹೋದದ್ದು. ಎರಡಾಳು ಆಳ, ಅಂಚು ಕಡಿದಾಗಿತ್ತು. ಕ್ಯಾಂಪಿನಿಂದ ಕಂಪನಿ ಬಸ್ಸು ನಿಲ್ಲುವಲ್ಲಿಗೆ ರಸ್ತೆಯಲ್ಲಿ ಸುತ್ತಿ ಹೋದರೆ ಹತ್ತು ನಿಮಿಷ, ಗುಂಡಿಯ ಪಕ್ಕದಲ್ಲಿ ಅಡ್ಡ ಹಾಯ್ದರೆ ಮೂರು ನಿಮಿಷ. ಎಲ್ಲರೂ ಅಡ್ಡವೇ ಹಾಯುತ್ತಿದ್ದರು. ಜನವರಿಯಲ್ಲಿ ಅಲ್ಲಿ ಬೆಳಗಿನ ಹೊತ್ತು ಕೆಲವು ದಿನ ಮಂಜು ಬೀಳುತ್ತದೆ. ಎದುರಿನ ಮನುಷ್ಯ ಕಾಣುವುದಿಲ್ಲ. ಅಂಥ ಒಂದು ಬೆಳಗ್ಗೆ ಕಂಬದ ಹೊಂಡ ತೋಡುವ ಒಬ್ಬ ಕೆಲಸಗಾರ, ಆಂಧ್ರದವನು, ಬಸ್ಸಿಗೆ ಹೋಗುವಾಗ ಅಂಚು ತಪ್ಪಿ ಒಳಗೆ ಬಿದ್ದ. ಕೂಗು ಕೇಳುತ್ತಿತ್ತಂತೆ, ಎಲ್ಲಿಂದ ಎಂದು ಯಾರಿಗೂ ಕಾಣಲಿಲ್ಲವಂತೆ. ಕಾಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಮೇಲಕ್ಕೆ ತಂದರು. ತೊಡೆಯ ಮೂಳೆ ಮುರಿದಿತ್ತು.

ಆ ವಾರವೇ ಕಾಕ ಆಫೀಸಿಗೆ ಬಂದು ಗುಂಡಿಯ ಸುತ್ತ ಬೇಲಿ ಹಾಕಲು ಅಪ್ಪಣೆ ಕೇಳಿದರು. ಯಾರ್ಡಿನಲ್ಲಿ ಶಬಕ್ ಇದೆ, ಶುಕ್ರವಾರ ರಜೆಯ ದಿನ ನಾವೇ ಹಾಕುತ್ತೇವೆ ಎಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಮ್ಯಾನೇಜರ್ ಯೋಚಿಸಿ ಆಗುವುದಿಲ್ಲ ಎಂದರು. ಆ ಜಾಗ ನಮ್ಮದಲ್ಲ. ನಮ್ಮದಲ್ಲದ ಜಾಗಕ್ಕೆ ಬೇಲಿ ಹಾಕಿದರೆ ಅದನ್ನು ನಮ್ಮದೆಂದು ಹೇಳಿದ ಹಾಗೆ, ನಾಳೆ ಸರ್ಕಾರದವರು ಬಂದು ಕೇಳಿದರೆ ಉತ್ತರ ಕೊಡಬೇಕಾದವನು ನಾನು ಎಂದರು. ಅದು ಸುಳ್ಳಲ್ಲ. ಬೇಲಿ ಎಂದರೆ ಹಕ್ಕು ಎಂಬ ಅರ್ಥವೂ ಇದೆ, ನಮ್ಮ ಊರಿನಲ್ಲಿ ಒಂದು ಗಜ ಬೇಲಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದನ್ನು ನಾನು ನೋಡಿದ್ದೇನೆ. ಮ್ಯಾನೇಜರ್ ನಗರಾಡಳಿತಕ್ಕೆ ಒಂದು ಪತ್ರ ಹೇಳಿ ಬರೆಸಿದರು. ನಾನು ಟೈಪ್ ಮಾಡಿದೆ, ಅವರು ಸಹಿ ಹಾಕಿದರು, ಪತ್ರ ಹೋಯಿತು. ಉತ್ತರ ಬರಲಿಲ್ಲ. ಮಾರ್ಚಿನಲ್ಲಿ ಒಂದು ಜ್ಞಾಪನೆ ಕಳಿಸಿದೆವು, ಅದಕ್ಕೂ ಬರಲಿಲ್ಲ.

ಏಪ್ರಿಲಿನಲ್ಲಿ ಆ ಆಂಧ್ರದವನನ್ನು ಊರಿಗೆ ಕಳಿಸಿದರು. ಪಾಸ್‌ಪೋರ್ಟ್ ತೆಗೆದುಕೊಳ್ಳಲು ಅವನು ನಮ್ಮ ಮಹಡಿ ಹತ್ತಿ ಬಂದ. ಒಂದು ಕಾಲು ಮಡಚುತ್ತಿರಲಿಲ್ಲ, ಪ್ರತಿ ಮೆಟ್ಟಿಲಿಗೂ ಊರುಗೋಲು ಟಕ್ ಎನ್ನುವುದು ನನಗೆ ಕೇಳುತ್ತಿತ್ತು. ಮೂವತ್ತರ ಆಸುಪಾಸಿನವನು. ಸಹಿ ಹಾಕಬೇಕಾದ ಕಡೆ ಹೆಬ್ಬೆಟ್ಟು ಒತ್ತಿದ. ಹೊರಡುವಾಗ ಹಿಂದಿಯಲ್ಲಿ ಒಂದೇ ಮಾತು ಕೇಳಿದ.

“ಆ ಗುಂಡಿ ಮುಚ್ಚಿದ್ರಾ ಮೇಡಂ?”

ಪತ್ರ ಕಳಿಸಿದ್ದೇವೆ ಎಂದೆ. ಅವನು ಆಯಿತೆಂದು ತಲೆಯಾಡಿಸಿ ಇಳಿದು ಹೋದ. ನಾನು ಹೇಳಿದ್ದು ನಿಜವೇ ಆಗಿತ್ತು. ಆದರೂ ಆ ದಿನ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಮೇ ತಿಂಗಳ ಒಂದು ಗುರುವಾರ ಕಾಕ ಬಂದರು. ಯಾರ್ಡಿನಿಂದ ಯಾವ ಸಾಮಾನು ಹೊರಗೆ ಹೋದರೂ ಗೇಟ್ ಪಾಸ್ ಬೇಕಿತ್ತು. ಅದನ್ನು ಟೈಪ್ ಮಾಡುವವಳು ನಾನು. ಮೂಲ ಪ್ರತಿ ಕಾವಲುಗಾರನಿಗೆ, ಕಾರ್ಬನ್ ಪ್ರತಿ ನನ್ನ ಫೈಲಿಗೆ.

“ಒಂದು ಪಾಸ್ ಮಾಡಿ ಬಾಯಿ. ಶಬಕ್, ಐದು ರೋಲ್. ಸ್ಕ್ರ್ಯಾಪ್ ಅಂತ ಹಾಕಿ,” ಎಂದರು.

ಗುಜರಿ ಜಾಲರಿ ಸುರುಳಿಯಾಗಿರುವುದಿಲ್ಲ. ತುಂಡು ತುಂಡಾಗಿ ಮುದ್ದೆಯಾಗಿ ಹೋಗುತ್ತದೆ, ಅದನ್ನು ತೂಕದಲ್ಲಿ ಬರೆಯುತ್ತೇವೆ. ಐದು ರೋಲ್ ಎಂದರೆ ಹೊಸದು. ನನಗೆ ಇದು ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಕಾಕನಿಗೂ ಗೊತ್ತಿತ್ತು. ನಾನು ಎಲ್ಲಿಗೆ ಎಂದು ಕೇಳಲಿಲ್ಲ, ಅವರು ಹೇಳಲಿಲ್ಲ. ಪಾಸ್ ಹೊಡೆದು ಉಳಿದ ಕಾಗದಗಳ ನಡುವೆ ಇಟ್ಟೆ. ಗುರುವಾರ ಮಧ್ಯಾಹ್ನ ಮ್ಯಾನೇಜರ್ ಮನೆಗೆ ಹೊರಡುವ ಅವಸರದಲ್ಲಿ ಇಡೀ ಕಟ್ಟಿಗೆ ನಿಂತುಕೊಂಡೇ ಸಹಿ ಹಾಕುತ್ತಿದ್ದರು. ಆವತ್ತೂ ಹಾಗೆಯೇ ಹಾಕಿದರು.

ಜೂನ್ ಕೊನೆಯಲ್ಲಿ ಯಾರ್ಡಿನ ಸಾಮಾನು ಎಣಿಸಿದಾಗ ಏಳು ಸುರುಳಿ ಕಡಿಮೆ ಬಂತು.

ಮ್ಯಾನೇಜರ್ ನನ್ನನ್ನು ಕರೆದುಕೊಂಡು ಯಾರ್ಡಿಗೆ ಹೋದರು. ಬೆಳಗ್ಗೆ ಹತ್ತು ಗಂಟೆಗೇ ತಗಡಿನ ಶೆಡ್ಡಿನಲ್ಲಿ ಉಸಿರು ಕಟ್ಟುವ ಹಾಗಿತ್ತು. ಕಾಕ ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲಿಟ್ಟು ನಿಂತರು. ಮ್ಯಾನೇಜರ್ ನನ್ನ ಕಡೆ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಮಾಲು ಹೋಗುತ್ತಿದೆ ಎಂದ ಮೇಲೆ ಎಲ್ಲೋ ಒಂದು ಫೆನ್ಸ್ ಇರಲೇಬೇಕು. ಕದ್ದವನ ಹೆಸರು ನನಗೆ ಆಮೇಲೆ ಸಾಕು. ಮೊದಲು ಆ ಫೆನ್ಸ್ ಬೇಕು. ಇವರಿಗೆ ಗೊತ್ತಿದೆಯೇ ಕೇಳು.

ಕದ್ದ ಮಾಲನ್ನು ಕೊಂಡು ಮಾರುವ ಅಂಗಡಿಯವನಿಗೂ ಇಂಗ್ಲಿಷಿನ ಆಡುಮಾತಿನಲ್ಲಿ ಫೆನ್ಸ್ ಎನ್ನುತ್ತಾರೆ. ಮ್ಯಾನೇಜರ್ ಹೇಳಿದ್ದು ಅಂಥ ಒಬ್ಬ ಮನುಷ್ಯನ ಬಗ್ಗೆ. ನನಗೆ ಅದು ಗೊತ್ತಿರಲಿಲ್ಲ. ಇನ್‌ಸ್ಟಿಟ್ಯೂಟಿನ ಪತ್ರಗಳಲ್ಲಿ ಅಂಥವರು ಬರುವುದಿಲ್ಲ. ನನಗೆ ಕೇಳಿಸಿದ್ದು ಬೇಲಿ. ಹೋದ ಜಾಲರಿಯಿಂದ ಎಲ್ಲೋ ಒಂದು ಬೇಲಿ ಎದ್ದಿದೆ, ಅದು ಎಲ್ಲಿದೆ ಎಂದು ಕೇಳುತ್ತಿದ್ದಾರೆ. ನನ್ನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯಾಗಿತ್ತು. ಇವರಿಗೆ ಎಲ್ಲ ಗೊತ್ತಾಗಿಹೋಗಿದೆ ಎಂದುಕೊಂಡೆ.

“ಕಾಕ, ಬೇಲಿ ಎಲ್ಲಿ ಉಂಟು ಅಂತ ಕೇಳ್ತಿದ್ದಾರೆ,” ಎಂದೆ.

ಕಾಕ ನನ್ನನ್ನು ನೋಡಲಿಲ್ಲ, ಮ್ಯಾನೇಜರರನ್ನೇ ನೋಡಿದರು. ಹೆಗಲ ಮೇಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡರು.

“ಹಾಕಿದ್ದು ನಾನೇ. ಬರ್ಲಿಕ್ಕೆ ಹೇಳಿ, ತೋರಿಸ್ತೇನೆ.”

ಹಾಕಿದ್ದು ತಾನೇ ಎಂಬುದನ್ನು ನಾನು ಬಿಟ್ಟೆ. ಎಲ್ಲಿದೆ ಎಂದು ಗೊತ್ತಿದೆಯಂತೆ, ತೋರಿಸುತ್ತಾರಂತೆ ಎಂದಷ್ಟೇ ಹೇಳಿದೆ. ಬೇಕೆಂದೇ ಬಿಟ್ಟೆನೋ ಹೆದರಿಕೆಯಲ್ಲಿ ಬಿಟ್ಟುಹೋಯಿತೋ, ಈಗ ಹೇಳಲಾರೆ. ಮ್ಯಾನೇಜರ್ ತಕ್ಷಣ ಗಾಡಿಯ ಕೀಲಿ ತೆಗೆದುಕೊಂಡರು. ಯಾವುದೋ ಗುಜರಿ ಅಂಗಡಿಗೆ ಹೋಗುತ್ತಿದ್ದೇವೆ ಎಂದು ಅವರು ತಿಳಿದಿದ್ದರೆಂದು ಕಾಣುತ್ತದೆ. ಕಾಕ ಮುಂದೆ ಕೂತು ಕೈಸನ್ನೆಯಲ್ಲಿ ದಾರಿ ತೋರಿಸಿದರು. ಎರಡು ತಿರುವು ಕಳೆದು ನಮ್ಮದೇ ಕ್ಯಾಂಪಿನ ಹಿಂದೆ ಗಾಡಿ ನಿಂತಿತು.

ಗುಂಡಿಯ ಸುತ್ತ ಆಳೆತ್ತರದ ಬೇಲಿ ನಿಂತಿತ್ತು. ಕಂಬಗಳು ಹಳೆಯ ಪೈಪಿನವು, ಬೇರೆ ಬೇರೆ ದಪ್ಪದವು, ಆದರೆ ಎಲ್ಲವೂ ಒಂದೇ ಎತ್ತರಕ್ಕೆ ಕತ್ತರಿಸಿ ನೆಟ್ಟಗೆ ನಿಲ್ಲಿಸಿದವು. ಬುಡಕ್ಕೆ ಸಿಮೆಂಟು ಹಾಕಿತ್ತು. ಜಾಲರಿ ಎಲ್ಲೂ ಜೋತುಬಿದ್ದಿರಲಿಲ್ಲ. ಕಾಲುದಾರಿ ಬೇಲಿಯ ತನಕ ಬಂದು, ಅದನ್ನು ಸುತ್ತಿ, ಆಚೆ ಬದಿಯಿಂದ ಬಸ್ಸು ನಿಲ್ಲುವ ಕಡೆಗೆ ಹೋಗಿತ್ತು. ಒಂದು ಕಡೆ ಯಾರೋ ಒಗೆದ ಬನಿಯನ್ ಒಣಹಾಕಿದ್ದರು.

ಮ್ಯಾನೇಜರ್ ಗಾಡಿಯಿಂದ ಇಳಿದರು. ಬೇಲಿಯ ಉದ್ದಕ್ಕೂ ನಡೆದು ಒಂದು ಸುತ್ತು ಬಂದರು. ಬೇರೆ ಸೈಟುಗಳಲ್ಲಿ ಮಾಡುವ ಹಾಗೆಯೇ ಒಂದೊಂದು ಕಂಬವನ್ನೂ ಅಲ್ಲಾಡಿಸಿ ನೋಡಿದರು, ಅಂಗೈಯಿಂದ ಜಾಲರಿಯನ್ನು ಒತ್ತಿ ನೋಡಿದರು. ಬಗ್ಗಿ ಒಳಗಿನ ಗುಂಡಿಯನ್ನೂ ನೋಡಿದರು. ಅವರು ಅಲ್ಲಿಗೆ ಅದಕ್ಕೆ ಮೊದಲು ಬಂದೇ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು. ತಿರುಗಿ ಬಂದು ಕೇಳಿದ ಮೊದಲ ಮಾತು, ಕೆಳಗಡೆ ಎಳೆಯುವ ತಂತಿ ಯಾಕೆ ಇಲ್ಲ ಎಂದು. ಆ ತಂತಿ ಯಾರ್ಡಿನಲ್ಲಿ ಮುಗಿದಿತ್ತು ಎಂದರು ಕಾಕ. ಎಷ್ಟು ಸುರುಳಿ ಹಿಡಿಯಿತು ಎಂದು ಎರಡನೆಯ ಪ್ರಶ್ನೆ. ಐದು ಎಂದರು ಕಾಕ. ಕಾಣೆಯಾದದ್ದು ಏಳು ಎಂದರು ಮ್ಯಾನೇಜರ್.

“ಐದು ನಾನು ತಂದದ್ದು. ಎರಡರ ಲೆಕ್ಕ ನನಗೆ ಗೊತ್ತಿಲ್ಲ. ಆಣೆ ಹಾಕಬೇಕಾದ್ರೆ ಹಾಕ್ತೇನೆ,” ಎಂದರು ಕಾಕ.

ಮ್ಯಾನೇಜರ್ ಆಣೆ ಬೇಡವೆಂದರು. ನನ್ನ ಕಡೆ ತಿರುಗಿ, ಇದಕ್ಕೆ ಗೇಟ್ ಪಾಸ್ ಆಗಿತ್ತೇ, ನೀನು ಮಾಡಿಕೊಟ್ಟಿದ್ದೆಯಾ ಎಂದು ಕೇಳಿದರು. ಆಗ ನಾನು ಹೌದು ಎನ್ನಬಹುದಿತ್ತು. ಹೌದು ಎಂದಿದ್ದರೆ ಐದು ಎಂಬ ಅಂಕಿ ಅಲ್ಲೇ ತೀರ್ಮಾನವಾಗುತ್ತಿತ್ತು, ಆದರೆ ಹೊಸ ಮಾಲನ್ನು ಗುಜರಿ ಎಂದು ಬರೆದವಳು ನಾನು ಎಂದೂ ಆಗುತ್ತಿತ್ತು. ತುಂಬಾ ಪಾಸುಗಳು ಬರುತ್ತವೆ, ನೆನಪಿಲ್ಲ, ನೋಡಬೇಕು ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಕಾಕನಿಗೆ ಅರ್ಥವಾಗಲಿಲ್ಲ. ಅವರು ಕೇಳಲೂ ಇಲ್ಲ. ಬೇಲಿಯ ಮೇಲಿದ್ದ ಬನಿಯನ್ ತೆಗೆದು ಮಡಚಿ ಪಕ್ಕದ ಕಲ್ಲಿನ ಮೇಲಿಟ್ಟರು.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವನು ಊಟ ನಿಲ್ಲಿಸಿ ಕೇಳಿದ. ಸುಮ್ಮನಿದ್ದುಬಿಡು, ಫೈಲಿನಲ್ಲಿ ಸಾವಿರ ಕಾಗದ ಇರುತ್ತದೆ, ಒಂದು ಸಿಗದಿದ್ದರೆ ಸಿಗಲಿಲ್ಲ ಎಂದ. ಕೆಟ್ಟ ಮನುಷ್ಯನಾಗಿ ಹೇಳಿದ ಮಾತಲ್ಲ ಅದು. ಕೆಲಸ ಹೋಗಿ ಊರಿಗೆ ತಿರುಗಿದವರನ್ನು ಅವನು ನೋಡಿದ್ದ. ನಾನೂ ಸರಿ ಎಂದೆ. ಪಾತ್ರೆ ತೊಳೆಯುವಾಗ ಮಾತ್ರ ಕಾಕ ಹೇಳಿದ ‘ಹಾಕಿದ್ದು ನಾನೇ’ ಎಂಬುದು ಮತ್ತೆ ಮತ್ತೆ ಬರುತ್ತಿತ್ತು. ಅವರಿಗೆ ಯೋಚಿಸಲು ನನ್ನಷ್ಟು ಸಮಯವೂ ಇರಲಿಲ್ಲ.

ಮರುದಿನ ಬೆಳಗ್ಗೆ ಮ್ಯಾನೇಜರ್ ಬರುವ ಮೊದಲೇ ಫೈಲಿನಿಂದ ಕಾರ್ಬನ್ ಪ್ರತಿಯನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಜನವರಿಯ ಪತ್ರದ ಪ್ರತಿಯನ್ನೂ ಇಟ್ಟೆ. ಅವರು ಬಂದು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. ಪಾಸಿನ ಕೆಳಗೆ ಅವರದೇ ಸಹಿ ಇತ್ತು, ಪತ್ರದ ಕೆಳಗೂ ಇತ್ತು. ನಾನು ಎದುರು ನಿಂತು, ಅದು ಗುಜರಿ ಅಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೊಡೆದೆ ಎಂದೆ. ಸುರುಳಿ ಐದೇ ಎಂದೂ ಹೇಳಿದೆ.

ಅವರು ಕನ್ನಡಕ ತೆಗೆದರು. ನಿನ್ನೆ ನೀನು ಫೆನ್ಸ್ ಮೇಲೆ ಕೂತಿದ್ದೆ, ಇವತ್ತು ಇಳಿದಿದ್ದೀಯ ಎಂದರು. ನಾನು ನಿನ್ನೆ ಎಲ್ಲೂ ಕೂತಿರಲಿಲ್ಲ, ಬಿಸಿಲಿನಲ್ಲಿ ನಿಂತೇ ಇದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮುಖ ನೋಡಿ ಅವರಿಗೆ ತಿಳಿದಿರಬೇಕು. ಯಾವ ಕಡೆಗೂ ಸೇರದೆ ನೋಡುತ್ತಾ ಇರುವವರಿಗೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ ಎಂದು ವಿವರಿಸಿದರು. ಬೈದ ಹಾಗಿರಲಿಲ್ಲ, ಪಾಠ ಹೇಳಿದ ಹಾಗಿತ್ತು.

ಮಧ್ಯಾಹ್ನ ಅವರು ಮೂರು ಕಾಗದ ಹೇಳಿ ಬರೆಸಿದರು. ಮೊದಲನೆಯದು, ಕ್ಯಾಂಪಿನ ಸುರಕ್ಷತೆಗಾಗಿ ಐದು ಸುರುಳಿ ಕೊಡಲಾಗಿದೆ ಎಂಬ ಟಿಪ್ಪಣಿ. ಎರಡನೆಯದು, ಅಪ್ಪಣೆ ಇಲ್ಲದೆ ಮಾಲು ಹೊರಗೆ ತೆಗೆದುಕೊಂಡು ಹೋದದ್ದಕ್ಕೆ ಫೋರ್ಮನ್ನಿಗೆ ಎಚ್ಚರಿಕೆಯ ಪತ್ರ. ಮೂರನೆಯದು, ತಪ್ಪು ವಿವರ ಬರೆದದ್ದಕ್ಕೆ ಟೈಪಿಸ್ಟಿಗೆ ಎಚ್ಚರಿಕೆಯ ಪತ್ರ. ಮೂರನ್ನೂ ನಾನೇ ಟೈಪ್ ಮಾಡಿದೆ. ನನ್ನದರಲ್ಲಿ ಒಂದು ಅಕ್ಷರ ತಪ್ಪಿತು, ಮತ್ತೆ ಹೊಸ ಹಾಳೆ ಹಾಕಿ ಹೊಡೆದೆ.

ಕಾಕ ಬಂದಾಗ ಅವರ ಪತ್ರವನ್ನು ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಸಹಿ ಹಾಕಿದರು. ನಾಲ್ಕನೇ ಕ್ಲಾಸಿನವರೆಗೆ ಓದಿದ ದುಂಡು ಅಕ್ಷರ. ನನ್ನ ಪತ್ರವನ್ನೂ ತೋರಿಸಿದೆ. ಅದನ್ನು ತಿರುಗಿಸಿ ನೋಡಿ, ನಿಮಗೆ ಯಾಕೆ ಎಂದರು. ಪಾಸ್ ಹೊಡೆದದ್ದು ನಾನಲ್ಲವೇ ಎಂದೆ. ಅವರು ಪತ್ರವನ್ನು ನನಗೆ ಹಿಂದೆ ಕೊಟ್ಟರು. ಕೆಳಗಿನ ತಂತಿಯನ್ನು ಮುಂದಿನ ಶುಕ್ರವಾರ ಎಳೆಯಬೇಕೆಂದು, ತಂತಿ ಹೊಸದನ್ನೇ ತೆಗೆದುಕೊಳ್ಳಬೇಕೆಂದು ಮ್ಯಾನೇಜರ್ ಹೇಳಿದ್ದನ್ನು ತಿಳಿಸಿದೆ. ಅದಕ್ಕೆ ಪಾಸ್ ಆಗಿದೆಯಾ ಎಂದು ಕೇಳಿದರು. ಆಗಿತ್ತು.

ಉಳಿದ ಎರಡು ಸುರುಳಿಗಳು ಎಲ್ಲಿ ಹೋದವೆಂದು ಕೊನೆಗೂ ಗೊತ್ತಾಗಲಿಲ್ಲ. ಯಾವುದೋ ಸೈಟಿಗೆ ಕಾಗದವಿಲ್ಲದೆ ಹೋಗಿರಬಹುದು, ಎಣಿಕೆಯೇ ತಪ್ಪಿರಬಹುದು, ನಿಜವಾಗಿಯೂ ಕಳುವಾಗಿರಬಹುದು. ಮ್ಯಾನೇಜರ್ ಕಾಕನನ್ನು ಅದರ ಬಗ್ಗೆ ಮತ್ತೆ ಕೇಳಲಿಲ್ಲ. ಆದರೆ ಯಾರ್ಡಿನ ಕೀಲಿಯ ಎರಡನೇ ಗೊಂಚಲನ್ನು ತಾವೇ ಇಟ್ಟುಕೊಂಡರು. ಕಾಕ ಅದನ್ನು ಗಮನಿಸಿದರು, ನಾನೂ ಗಮನಿಸಿದೆ.

ಫೆನ್ಸ್ ಪದದ ಆ ಇನ್ನೊಂದು ಅರ್ಥ ನನಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ಹೊಸದಾಗಿ ಬಂದ ಗುಮಾಸ್ತರ ಬಳಿ ದಪ್ಪದ ಡಿಕ್ಷನರಿ ಇತ್ತು. ಬೇರೇನೋ ಹುಡುಕುವಾಗ ಪುಟ ಅಲ್ಲಿಗೆ ಬಂತು, ನಮ್ಮದೇ ಪದವಲ್ಲವೇ ಎಂದು ಓದಿದೆ. ಮೊದಲು ನಮ್ಮ ಬೇಲಿ. ಆಮೇಲೆ ಕತ್ತಿವರಸೆ. ಅದು ಯಾಕೆ ಈ ಪದಕ್ಕೆ ಸೇರಿತೆಂದು ನೋಡಿದರೆ, ಎರಡೂ ಹುಟ್ಟಿದ್ದು ಕಾಪಾಡಿಕೊಳ್ಳುವುದು ಎಂಬ ಅರ್ಥದ ಮಾತಿನಿಂದ ಎಂದಿತ್ತು. ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದಕ್ಕೂ ಅದೇ ಪದ. ಅಲ್ಲಿ ನನಗೆ ಗುಂಡಿಯ ಪಕ್ಕದಲ್ಲಿ ನಿಂತ ನಾನೇ ನೆನಪಾದೆ. ಕೊನೆಯಲ್ಲಿ, ಕದ್ದ ಮಾಲು ಕೊಳ್ಳುವವನು. ಆ ಸಾಲನ್ನು ಎರಡು ಸಲ ಓದಿದೆ. ಜೂನ್ ತಿಂಗಳಲ್ಲಿ ಆ ಶೆಡ್ಡಿನಲ್ಲಿ ನಡೆದ ಮಾತು ಏನೆಂದು ಆಗಲೇ ನನಗೆ ಗೊತ್ತಾದದ್ದು.

ಕಾಕನಿಗೆ ಹೇಳದೆ ಇರಬಹುದಿತ್ತು. ಆದರೆ ಎಚ್ಚರಿಕೆಯ ಪತ್ರ ಇದ್ದದ್ದು ಅವರ ಹೆಸರಿನಲ್ಲಿ. ಮುಂದಿನ ಸಲ ಅವರು ಆಫೀಸಿಗೆ ಬಂದಾಗ ಹಾಲಿಲ್ಲದ ಸುಲೈಮಾನಿ ಚಾ ತರಿಸಿ ಕೂರಿಸಿ ಹೇಳಿದೆ. ಮ್ಯಾನೇಜರ್ ಅವತ್ತು ಕೇಳಿದ್ದು ಬೇಲಿಯನ್ನಲ್ಲ, ಕಳವಿನ ಮಾಲು ಕೊಳ್ಳುವ ಅಂಗಡಿಯವನನ್ನು. ನಾನು ತಪ್ಪಾಗಿ ಕೇಳಿದೆ ಎಂದೆ.

ಕಾಕ ಲೋಟವನ್ನು ಕೆಳಗಿಟ್ಟರು.

“ಅಂದ್ರೆ ಅವರಿಗೆ ಬೇಲಿ ವಿಷಯ ಗೊತ್ತೇ ಇರ್ಲಿಲ್ಲವಾ?”

“ಇರ್ಲಿಲ್ಲ ಕಾಕ.”

“ನೀವು ಸರಿಯಾಗಿ ಹೇಳಿದ್ದಿದ್ರೆ, ಅಂಥ ಅಂಗಡಿಯವ ನನಗೆ ಗೊತ್ತಿಲ್ಲ ಅಂತಿದ್ದೆ. ಅದೂ ನಿಜವೇ ಆಗ್ತಿತ್ತು.”

“ಹೌದು. ನಿಮಗೆ ಪತ್ರ ಬರ್ತಿರ್ಲಿಲ್ಲ.”

ಅವರು ಲೋಟ ಎತ್ತಿ ಉಳಿದ ಚಾ ಕುಡಿದರು. ಕೆಳಗಡೆ ದರ್ಜಿಯ ಹೊಲಿಗೆಯಂತ್ರ ಓಡುತ್ತಿತ್ತು. ಆಮೇಲೆ ನಕ್ಕರು. ಕೆಳಗಿನ ತಂತಿಯೂ ಬರುತ್ತಿರಲಿಲ್ಲ ಎಂದರು. ಆ ತಂತಿ ಇಲ್ಲದೆ ಜಾಲರಿ ಆರು ತಿಂಗಳಿಗೆ ಮೇಲಕ್ಕೆ ಸುರುಳಿಕೊಳ್ಳುತ್ತಿತ್ತು, ಮತ್ತೆ ಯಾರಾದರೂ ಅದರ ಅಡಿಯಲ್ಲಿ ನುಸುಳುತ್ತಿದ್ದರು ಎಂದು ವಿವರಿಸಿದರು. ಕದಿಯುವ ಕೆಲಸ ಅರ್ಧಕ್ಕೆ ಮಾಡಬಾರದು ಎಂಬಂತಿತ್ತು ಅವರ ಮಾತು. ನನಗೆ ಅಷ್ಟು ಸಲೀಸಾಗಿ ನಗಲು ಬರಲಿಲ್ಲ. ಕೀಲಿಯ ಗೊಂಚಲು ಇನ್ನೂ ಮ್ಯಾನೇಜರ್ ಮೇಜಿನ ಡ್ರಾಯರಿನಲ್ಲೇ ಇತ್ತು.

ನಗರಾಡಳಿತದ ಉತ್ತರ ಮರುವರ್ಷ ಬಂತು. ಉತ್ತರ ಎಂದರೆ ಕಾಗದವಲ್ಲ, ಲಾರಿಗಳು. ಒಡೆದ ಕಟ್ಟಡದ ಕಲ್ಲುಮಣ್ಣು ತಂದು ಮೂರು ದಿನ ಗುಂಡಿಗೆ ಸುರಿದರು. ಲಾರಿ ಒಳಗೆ ಬರಲು ಬೇಲಿ ಬಿಚ್ಚಬೇಕಾಯಿತು. ಕಾಕ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಜಾಲರಿಯನ್ನು ಮತ್ತೆ ಸುರುಳಿ ಸುತ್ತಿ ಯಾರ್ಡಿಗೆ ತಂದರು. ಕಂಬಗಳನ್ನು ಬುಡಕ್ಕೆ ಕತ್ತರಿಸಿದರು, ಕಾಲಿಗೆ ತಾಗದ ಹಾಗೆ ಮೇಲೆ ಸಿಮೆಂಟು ಮೆತ್ತಿದರು. ಮ್ಯಾನೇಜರ್ ಆವತ್ತು ತಾವಾಗಿಯೇ ಬಂದು ನೋಡಿದರಂತೆ, ಕಾಕನ ಭುಜ ತಟ್ಟಿ ಹೋದರಂತೆ. ನಾನು ಅಲ್ಲಿರಲಿಲ್ಲ.

ತುಂಬಿದ ಮಣ್ಣು ಇನ್ನೂ ಕೂತಿಲ್ಲ, ಒಂದು ತಿಂಗಳು ಸುತ್ತಿಯೇ ಹೋಗಿ ಎಂದು ಕಾಕ ಕ್ಯಾಂಪಿನವರಿಗೆಲ್ಲ ಹೇಳಿದ್ದರು. ಯಾರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಬೇರೆ ಕೆಲಸಕ್ಕೆ ಯಾರ್ಡಿಗೆ ಹೋದಾಗ ನಾನು ಆ ಕಡೆ ನಡೆದು ನೋಡಿದೆ. ಬಸ್ಸಿನ ಕಡೆಗೆ ನೇರವಾಗಿ, ತುಂಬಿದ ಜಾಗದ ನಡುವಿನಿಂದಲೇ, ಒಬ್ಬರ ಹಿಂದೆ ಒಬ್ಬರು ನಡೆದ ಕಾಲುದಾರಿ ಆಗಲೇ ಬಿದ್ದಿತ್ತು.